ಅವ್ವ ಕೇಳಿಸಿಕೊಂಡ ಮೃಗಾಲಯ



ಮೈಸೂರಿನ ಇಟ್ಟಿಗೆಗೂಡಿನಲ್ಲಿ ನನ್ನ ಅಣ್ಣನ ಮನೆ. ಅವ್ವ ಇರುವುದು ಅಲ್ಲೇ. ಮಾಗಿಯ ದಿನಗಳಲ್ಲಿ ಆ ಮನೆಯಲ್ಲಿ ಮಲಗಿದವರಿಗೆ ಎಚ್ಚರವಾಗಲು ಗಡಿಯಾರ ಬೇಕಿಲ್ಲ. ಬೆಳಗಿನ ಜಾವ ಐದೋ ಐದೂವರೆಯೋ ಆಗಿರುತ್ತದೆ, ಬೀದಿದೀಪಗಳು ಇಬ್ಬನಿಯಲ್ಲಿ ಮಂಕಾಗಿ ಉರಿಯುತ್ತಿರುತ್ತವೆ, ಆಗ ಮೃಗಾಲಯದ ಕಡೆಯಿಂದ ಸಿಂಹ ಕೂಗುತ್ತದೆ. ಸಿನಿಮಾದಲ್ಲಿ ಕೇಳುವ ಗರ್ಜನೆಯ ಹಾಗಲ್ಲ ಅದು. ದೊಡ್ಡ ಹಂಡೆಯ ಬಾಯಿಗೆ ಬಾಯಿಟ್ಟು ಯಾರೋ ಎದೆಯ ಉಸಿರನ್ನೆಲ್ಲ ಹೊರಗೆ ಬಿಟ್ಟ ಹಾಗೆ. ಮೊದಲೆರಡು ಕೂಗು ಉದ್ದವಾಗಿರುತ್ತವೆ. ಆಮೇಲಿನವು ಗಿಡ್ಡಗಿಡ್ಡ. ಕೊನೆಗೆ ಬರೀ ಏದುಸಿರು ಉಳಿದು ನಿಲ್ಲುತ್ತದೆ.

ಬೇಸಿಗೆಯಲ್ಲೂ ಅದು ಕೂಗುತ್ತದೆ. ಆದರೆ ಇಷ್ಟು ನಿಚ್ಚಳವಾಗಿ ಕೇಳುವುದು ಚಳಿಗಾಲದಲ್ಲೇ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನಾದ್ದರಿಂದ ಇದರ ಕಾರಣವನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಮಾಗಿಯ ರಾತ್ರಿ ಮೋಡವಿಲ್ಲದೆ ತಿಳಿಯಾಗಿದ್ದರೆ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಅದರ ಮೇಲಿನ ಗಾಳಿ ಇನ್ನೂ ಬೆಚ್ಚಗೇ ಇರುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ, ತುಂಬ ದೂರ ಹರಿಯುತ್ತದೆ. ಹಗಲಿನ ಬಿಸಿಲಲ್ಲಿ ಇದರ ತಿರುಗುಮುರುಗು. ಸಿಂಹದ ಕೂಗು ಬಯಲಿನಲ್ಲಿ ಎಂಟು ಕಿಲೋಮೀಟರಿನವರೆಗೆ ಕೇಳುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಅಣ್ಣನ ಮನೆ ಅಷ್ಟು ದೂರವೇನಿಲ್ಲ.

ಅವ್ವನಿಗೆ ಈಗ ಎಂಬತ್ತಮೂರು. ಗ್ಲಾಕೋಮಾ ಹತ್ತು ವರ್ಷಗಳಲ್ಲಿ ಅವಳ ಎರಡೂ ಕಣ್ಣುಗಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಂಡುಬಿಟ್ಟಿತು. ಬಿಸಿಲು ಯಾವುದು, ನೆರಳು ಯಾವುದು ಅನ್ನುವಷ್ಟು ಮಾತ್ರ ಈಗ ಗೊತ್ತಾಗುತ್ತದೆ. ಸಿಂಹದ ಕೂಗು ಅವಳ ದಿನದ ಮೊದಲ ಸುದ್ದಿ. ಅತ್ತಿಗೆ ಕಾಫಿ ತಂದುಕೊಟ್ಟರೆ, "ಇವತ್ತು ಎರಡು ಸಲ ಕೂಗ್ತು ಕಣವ್ವ, ನೆನ್ನೆ ಒಂದೇ ಸಲ" ಅನ್ನುತ್ತಾಳೆ.

ಕಳೆದ ಡಿಸೆಂಬರ್ ಕೊನೆಯಲ್ಲಿ ನಾವು ಬೆಂಗಳೂರಿನಿಂದ ಹೋಗಿದ್ದೆವು. ನಾನು, ನನ್ನ ಹೆಂಡತಿ, ಹನ್ನೆರಡರ ಮಗಳು, ಏಳರ ಮಗ. ಮಕ್ಕಳಿಗೆ ಮೃಗಾಲಯ ನೋಡಬೇಕು. ಅವ್ವನನ್ನು ಮನೆಯಲ್ಲೇ ಬಿಟ್ಟು ಹೋಗಿಬರುವುದು ಎಂದು ನಾವು ದೊಡ್ಡವರು ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಮಾತಾಡಿಕೊಂಡೆವು. ಹೊರಗೆ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅವ್ವನಿಗೆ ಅದು ಕೇಳಿಸದೆ ಇದ್ದೀತೆ?

"ನಾನೂ ಬತ್ತೀನಿ" ಅಂದಳು. "ಕಣ್ಣಿದ್ದೋರು ಮಾತ್ರಾನೇ ಹೋಗಬೇಕು ಅಂತ ಬೋರ್ಡ್ ಹಾಕವ್ರಾ? ಅದು ದಿನಾ ಬೆಳಗ್ಗೆ ನನ್ನ ಕರೀತಾ ಅದೆ. ಒಂದು ಸಲ ಹೋಗಿ ಏನಪ್ಪ ಅಂತ ಕೇಳಿ ಬರಬ್ಯಾಡವಾ?"

ಈ ಮಾತಿಗೆ ಎದುರಾಡಲು ನಮಗೆ ಬಾಯಿ ಬರಲಿಲ್ಲ. ಮೃಗಾಲಯಕ್ಕೆ ಮಂಗಳವಾರ ರಜೆ. ನಾವು ಬುಧವಾರ ಹೊರಟೆವು.

ಚಳಿಗಾಲದಲ್ಲಿ ಮೃಗಾಲಯಕ್ಕೆ ಹೋಗುವವರಿಗೆ ನಾನು ಹೇಳುವುದು, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಎಂಟೂವರೆಗೆ ತೆರೆಯುತ್ತದೆ. ಆಗಿನ್ನೂ ಚುಮುಚುಮು ಚಳಿ ಇರುತ್ತದೆ, ಎಳೆಬಿಸಿಲು ಮರಗಳ ತುದಿಯಿಂದ ನೆಲಕ್ಕೆ ಇಳಿಯುತ್ತಿರುತ್ತದೆ. ಬೇಸಿಗೆಯಲ್ಲಿ ನೆರಳು ಹುಡುಕಿಕೊಂಡು ಮೂಲೆ ಸೇರುವ ಪ್ರಾಣಿಗಳೆಲ್ಲ ಈ ಹೊತ್ತಿನಲ್ಲಿ ಬಿಸಿಲು ಕಾಯಿಸಲು ಬಯಲಿಗೆ ಬರುತ್ತವೆ. ನಮ್ಮ ಹಳ್ಳಿಯ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತ ಮುದುಕರ ಹಾಗೆ ಅವೂ ಸೂರ್ಯನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಹನ್ನೊಂದು ಗಂಟೆಯಾದರೆ ಆ ನೋಟ ಕರಗಿಹೋಗುತ್ತದೆ, ಜನವೂ ತುಂಬಿಬಿಡುತ್ತಾರೆ.

ಡಿಸೆಂಬರ್ ಅಂದರೆ ಶಾಲಾ ಪ್ರವಾಸಗಳ ತಿಂಗಳು. ನಾವು ಹೋದಾಗಲೇ ರಸ್ತೆಯ ಅಂಚಿನಲ್ಲಿ ಬಸ್ಸುಗಳು ಸಾಲು ನಿಂತಿದ್ದವು. ರಾತ್ರಿಯೆಲ್ಲ ಬಸ್ಸಿನಲ್ಲಿ ಹಾಡಿ ಗಂಟಲು ಕಟ್ಟಿಸಿಕೊಂಡ ಮಕ್ಕಳು, ಸಮವಸ್ತ್ರದ ಮೇಲೆ ಸ್ವೆಟರು ಹಾಕಿಕೊಂಡು, ಒಬ್ಬರ ಹೆಗಲು ಒಬ್ಬರು ಹಿಡಿದು ರೈಲಿನ ಹಾಗೆ ಇಳಿಯುತ್ತಿದ್ದರು. ಒಬ್ಬ ಮೇಷ್ಟರು ತಲೆ ಎಣಿಸಿದ್ದನ್ನೇ ಮತ್ತೆ ಎಣಿಸುತ್ತಿದ್ದರು. ಆ ಎಣಿಕೆಯ ಹಿಂದಿನ ಆತಂಕ ನನಗೆ ಗೊತ್ತು, ನಾನೂ ಎಷ್ಟೋ ಸಲ ಹಾಗೆ ಎಣಿಸಿದ್ದೇನೆ. ಶಬರಿಮಲೆಗೆ ಹೊರಟ ಕಪ್ಪು ಪಂಚೆಯ ಅಯ್ಯಪ್ಪ ಭಕ್ತರೂ ಇದ್ದರು. ಅವರ ವ್ಯಾನಿನಿಂದ ಕರ್ಪೂರದ ವಾಸನೆ ಬರುತ್ತಿತ್ತು.

ಒಳಗೆ ವಯಸ್ಸಾದವರಿಗೆಂದು ಬ್ಯಾಟರಿ ಗಾಡಿ ಇದೆ. ಅವ್ವ ಬೇಡವೆಂದಳು. "ಗಾಡೀಲಿ ಕೂತ್ರೆ ಅವರು ನಿಲ್ಸಿದ ಕಡೆ ನಿಲ್ಬೇಕು. ನಂಗೆ ಏನಾದ್ರೂ ಕೇಳಿಸಿದ ಕಡೆ ನಿಲ್ಬೇಕು." ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈ ನನ್ನ ಮಗನ ಹೆಗಲ ಮೇಲೆ. ಅಜ್ಜಿಯನ್ನು ನಡೆಸುವ ಕೆಲಸ ಹೀಗೆ ಅವನ ಪಾಲಿಗೆ ಬಂತು.

ಈ ಜಾಗ ಅವ್ವನಿಗೆ ಹೊಸದಲ್ಲ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಹತ್ತು ಎಕರೆ ಚಿಲ್ಲರೆ ಜಾಗದಲ್ಲಿ ಅರಮನೆಯ ಮೃಗಾಲಯವಾಗಿ ಇದನ್ನು ಶುರುಮಾಡಿದರು. 1909ರಲ್ಲಿ ಅವರ ಹೆಸರನ್ನೇ ಇಟ್ಟು ಇದು ಶ್ರೀ ಚಾಮರಾಜೇಂದ್ರ ಮೃಗಾಲಯವಾಯಿತು. ಈಗ ಹರಡಿಕೊಂಡಿರುವುದು 157 ಎಕರೆಯಲ್ಲಿ. ಲಾಲ್‌ಬಾಗನ್ನು ಚೆಂದಗಾಣಿಸಿದ ಜರ್ಮನ್ ತೋಟಗಾರ ಕೃಂಬಿಗಲ್ ಇಲ್ಲಿಯ ತೋಟದ ವಿನ್ಯಾಸಕ್ಕೂ ಕೈಹಾಕಿದ್ದರು. ಅವ್ವ ಮೊದಲ ಸಲ ಇಲ್ಲಿಗೆ ಬಂದಾಗ ಅವಳಿಗೆ ಒಂಬತ್ತು ವರ್ಷ. ಮದ್ದೂರಿನಿಂದ ದಸರೆಗೆ ರೈಲಿನಲ್ಲಿ ಬಂದವರು, ಅವರಪ್ಪನ ಹೆಗಲ ಮೇಲೆ ಕೂತು ನೋಡಿದ್ದಳಂತೆ. "ಬೋನು, ಕಂಬಿ, ಕಂಬಿಯ ಹಿಂದೆ ಹುಲಿ. ಅತ್ತ ಹೋಗದು, ಇತ್ತ ಬರದು. ಅಷ್ಟೇ ನೆಪ್ಪಿರೋದು. ಪಾಪ ಅನ್ನಿಸ್ತಿತ್ತು" ಎಂದಳು. ಈಗ ಬಹುಪಾಲು ಪ್ರಾಣಿಗಳಿಗೆ ಕಂದಕ ತೋಡಿದ ಬಯಲು ಅಂಗಳಗಳಿವೆ, ಮರಗಳಿವೆ, ಮಣ್ಣಿದೆ.

ಜಿರಾಫೆಯ ಮುಂದೆ ನಿಂತೆವು. ಅವ್ವ ಕಿವಿಗೊಟ್ಟಳು. ಏನೂ ಇಲ್ಲ.

"ಏನ್ಲಾ ಮಗ ಇಲ್ಲಿರೋದು?"

"ಜಿರಾಫೆ ಅಜ್ಜಿ. ಉದ್ದ ಇದೆ."

"ಉದ್ದ ಅಂದ್ರೆ ಎಷ್ಟುದ್ದ? ನಮ್ಮನೆ ಹಿಂದಿನ ತೆಂಗಿನಮರದಷ್ಟಾ?"

ಅವನು ಮತ್ತೊಮ್ಮೆ ನೋಡಿದ. ಬಂದ ಕೂಡಲೇ ಒಂದು ಸಲ ಕಣ್ಣು ಹಾಯಿಸಿ ಮುಂದಿನದಕ್ಕೆ ಓಡಲು ಕಾಲು ತೆಗೆದಿದ್ದವನು ಈಗ ನಿಂತ. "ಅಷ್ಟಿಲ್ಲ. ದೊಡ್ಡಪ್ಪನ ಮನೆ ಮಹಡಿ ಕಿಟಕಿಗೆ ಮುಖ ಬರುತ್ತೆ."

"ಏನು ಮಾಡ್ತಾ ಅದೆ?"

"ಸೊಪ್ಪು ತಿಂತಿದೆ."

"ಎಲ್ಲಾರೂ ಸೊಪ್ಪು ತಿಂತಾರೆ. ಹೆಂಗೆ ತಿಂತದೆ?"

ಆಗ ಅವನಿಗೆ ಅದರ ನಾಲಿಗೆ ಕಂಡಿತು. ಕಪ್ಪು ನೇರಳೆ ಬಣ್ಣದ ನಾಲಿಗೆ, ಮುಕ್ಕಾಲು ಮೊಳಕ್ಕಿಂತ ಹೆಚ್ಚು ಉದ್ದ. ಅದು ಹೊರಗೆ ಬಂದು ಕೊಂಬೆಯನ್ನು ಹಗ್ಗದ ಹಾಗೆ ಸುತ್ತಿ, ಎಲೆಗಳನ್ನು ಸವರಿಕೊಂಡು ಒಳಗೆ ಹೋಗುತ್ತಿತ್ತು. ಇದನ್ನು ಹೇಳಲು ಅವನಿಗೆ ಮಾತು ಸಾಲದೆ, ಅವ್ವನ ತೋರುಬೆರಳನ್ನು ತನ್ನ ಕೈಯಿಂದ ಸುತ್ತಿ ಎಳೆದು ತೋರಿಸಿದ. ಅವ್ವ "ಓಹೋ" ಎಂದಳು. ಅದು ಅವಳಿಗೆ ನಿಜವಾಗಿ ಕಂಡಿತ್ತು.

ಮಗಳು ತನ್ನ ಪಾಠದಲ್ಲಿ ಓದಿದ್ದನ್ನು ಹೇಳಿದಳು. ಜಿರಾಫೆಯ ಕತ್ತಿನಲ್ಲಿ ಇರುವುದೂ ಏಳೇ ಮೂಳೆ, ನಮ್ಮ ಕತ್ತಿನಲ್ಲಿ ಇರುವಷ್ಟೇ. ಹೇಳಿ ಸುಮ್ಮನಾಗದೆ, ಅಜ್ಜಿಯ ಶಾಲು ಸರಿಸಿ ಕತ್ತಿನ ಹಿಂದೆ ಬೆರಳಿಟ್ಟು ಎಣಿಸಲು ಹೋದಳು. ಕೆಳಗಿನ ಒಂದೆರಡು ಮಾತ್ರ ಕೈಗೆ ಸಿಕ್ಕವು. ಆ ತಣ್ಣಗಿನ ಬೆರಳಿಗೆ ಮೈ ಜುಂ ಎಂದು ಅವ್ವ ನಕ್ಕಳು.

ಜಿರಾಫೆಗೆ ದನಿಯೇ ಇಲ್ಲ ಎಂದು ನಾವೆಲ್ಲ ನಂಬಿದ್ದೆವು. ನಾನೂ ಮಕ್ಕಳಿಗೆ ಹಾಗೇ ಹೇಳುತ್ತಿದ್ದೆ. ಆದರೆ ಯೂರೋಪಿನ ಮೂರು ಮೃಗಾಲಯಗಳಲ್ಲಿ ಧ್ವನಿಗ್ರಾಹಕ ಇಟ್ಟು ನೂರಾರು ಗಂಟೆ ಕಾದವರು 2015ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಜಿರಾಫೆಗಳು ರಾತ್ರಿ ಹೊತ್ತಿನಲ್ಲಿ ತುಂಬ ತಗ್ಗಿದ ದನಿಯಲ್ಲಿ ಗುಂಯ್‌ಗುಡುತ್ತವೆ. ಇದನ್ನು ಹೇಳಿದಾಗ ಅವ್ವ, "ನೀವೆಲ್ಲ ಗಲಾಟೆ ಮಾಡಿ ಮನೆಗೆ ಹೋದ ಮೇಲೆ ಅವು ಮಾತಾಡ್ಕೊಳ್ತವೆ ಅನ್ನು" ಎಂದಳು. ಅದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುವುದಿಲ್ಲ.

ಹೀಗೇ ಆಯಿತು ಆ ಬೆಳಗು. ಅವ್ವ ಕೇಳುವುದು, ಮಕ್ಕಳು ನೋಡಿ ಹೇಳುವುದು. ಹೇಳಬೇಕಾದರೆ ನೋಡಲೇಬೇಕು. ಕಾಟಿ ಕರಿಯ ಬಣ್ಣದ್ದು ಎಂದರೆ ಅವ್ವನಿಗೆ ಸಾಲದು, ಮೊಳಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ ಹಾಕಿದ ಹಾಗಿದೆ ಎಂದು ಮಗಳು ಹೇಳುವವರೆಗೆ ಅವಳು ಹೆಜ್ಜೆ ಎತ್ತಲಿಲ್ಲ. ಸಿಂಗಳೀಕದ ಮುಖದ ಸುತ್ತ ಬೂದುಬಣ್ಣದ ಗಡ್ಡ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂಥ ಕುಚ್ಚು. ಜಗತ್ತಿನಲ್ಲಿ ನಮ್ಮ ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಸಿಂಗಳೀಕ ಇಲ್ಲ, ನಮ್ಮ ಶರಾವತಿ, ಅಘನಾಶಿನಿ ಕಣಿವೆಗಳ ಮಳೆಕಾಡುಗಳು ಅದರ ಮನೆ. ಮೊಸಳೆ ದಂಡೆಯ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಮಗ ಅದನ್ನು ಮಣ್ಣಿನ ಬೊಂಬೆ ಎಂದ, ಅವ್ವ ನಂಬಲಿಲ್ಲ, ಕಾಯೋಣ ಎಂದಳು. ಏಳೆಂಟು ನಿಮಿಷ ಕಾದೆವು. ಅದು ಕಣ್ಣು ಮುಚ್ಚಿ ತೆರೆಯಿತು. ಏಳು ವರ್ಷದ ಹುಡುಗ ಒಂದು ಕಣ್ಣಿನ ರೆಪ್ಪೆಗಾಗಿ ಏಳೆಂಟು ನಿಮಿಷ ಕಾದದ್ದನ್ನು ನಾನು ತರಗತಿಯಲ್ಲೂ ಕಂಡಿಲ್ಲ, ಮನೆಯಲ್ಲೂ ಕಂಡಿಲ್ಲ.

ಮೃಗಾಲಯಕ್ಕೆ ಹೋಗಿ ಎಲ್ಲವನ್ನೂ ನೋಡಿ ಮುಗಿಸಿದೆವು ಎನ್ನುವವರಿದ್ದಾರೆ. ನಾನೂ ಹಾಗೇ ಮಾಡುತ್ತಿದ್ದೆ. ಟಿಕೆಟಿನ ದುಡ್ಡು ದಂಡವಾಗಬಾರದೆಂದು ಮಕ್ಕಳ ಕೈ ಹಿಡಿದು ಎಳೆಯುತ್ತಿದ್ದೆ. ಆ ದಿನ ನಾವು ಅರ್ಧದಷ್ಟೂ ನೋಡಲಿಲ್ಲ. ಹಾಗಿದ್ದೂ ನನ್ನ ಮಕ್ಕಳು ಅಷ್ಟು ನೋಡಿದ ದಿನ ಇನ್ನೊಂದಿಲ್ಲ.

ಆನೆಗಳ ಹತ್ತಿರ ಬಂದಾಗ ಅವ್ವ ತಾನಾಗಿಯೇ ನಿಂತಳು. ವಾಸನೆಯಿಂದಲೇ ಗೊತ್ತಾಗಿತ್ತು ಅವಳಿಗೆ, ಒಣಹುಲ್ಲು, ಲದ್ದಿ, ಒದ್ದೆ ಮಣ್ಣು. ಕಬ್ಬಿನ ಗಾಣದ ಊರಿನಲ್ಲಿ ಬೆಳೆದವಳಿಗೆ ಸಿಪ್ಪೆ ಮುರಿಯುವ ಸದ್ದು ಬೇರೆ ಕೇಳಿಸಿತು. ನಾನು ಅವಳಿಗೂ ಮಕ್ಕಳಿಗೂ ಒಂದು ನಿಜವಾದ ಕಥೆ ಹೇಳಿದೆ. 1984ರಲ್ಲಿ ಕೇಟಿ ಪೇನ್ ಎಂಬ ಅಮೆರಿಕದ ಸಂಶೋಧಕಿ ಪೋರ್ಟ್‌ಲೆಂಡ್ ಊರಿನ ಮೃಗಾಲಯದಲ್ಲಿ ಆನೆಗಳ ಪಕ್ಕ ಒಂದು ವಾರ ಕೂತಿದ್ದಳು. ತಿಮಿಂಗಿಲಗಳ ಹಾಡು ಕೇಳಿ ಪಳಗಿದವಳು ಆಕೆ. ಅಲ್ಲಿ ಕಿವಿಗೆ ಏನೂ ಕೇಳದಿದ್ದರೂ ಗಾಳಿಯಲ್ಲಿ ಏನೋ ಅದುರುತ್ತಿದೆ ಎಂದು ಅವಳ ಮೈಗೆ ಅನ್ನಿಸಿತು. ಊರಿಗೆ ವಾಪಸಾಗುವಾಗ, ಚಿಕ್ಕಂದಿನಲ್ಲಿ ಚರ್ಚಿನಲ್ಲಿ ದೊಡ್ಡ ಆರ್ಗನ್ ವಾದ್ಯದ ಪಕ್ಕ ನಿಂತು ಹಾಡುವಾಗ ಹೀಗೇ ಎದೆ ಅದುರುತ್ತಿದ್ದದ್ದು ನೆನಪಾಯಿತು. ಮತ್ತೆ ಬಂದು, ಧ್ವನಿ ಮುದ್ರಿಸಿಕೊಂಡು, ಅದನ್ನು ವೇಗವಾಗಿ ಓಡಿಸಿ ಕೇಳಿದರೆ, ಆನೆಗಳು ಮಾತಾಡುತ್ತಿದ್ದವು. ನಮ್ಮ ಕಿವಿ ಹಿಡಿಯಲಾರದಷ್ಟು ತಗ್ಗಿನ ದನಿಯಲ್ಲಿ, ಮೈಲಿಗಟ್ಟಲೆ ದೂರ ಹೋಗಬಲ್ಲ ದನಿಯಲ್ಲಿ. ಅವು ಏಷ್ಯಾದ ಆನೆಗಳು, ನಮ್ಮ ನಾಗರಹೊಳೆ, ಬಂಡೀಪುರದ ಆನೆಗಳ ಜಾತಿಯವೇ.

ಅವ್ವ ಏನೂ ಹೇಳಲಿಲ್ಲ. ಊರುಗೋಲನ್ನು ಮೊಮ್ಮಗಳ ಕೈಗೆ ಕೊಟ್ಟು, ಎರಡೂ ಅಂಗೈಗಳನ್ನು ಬಿಚ್ಚಿ ಆನೆಗಳ ಕಡೆಗೆ ಹಿಡಿದು ನಿಂತಳು, ಒಲೆಯ ಮುಂದೆ ಕೈ ಕಾಯಿಸಿಕೊಳ್ಳುವವರ ಹಾಗೆ. ಮಗನೂ ಹಾಗೇ ಮಾಡಿದ. ಪಕ್ಕದಲ್ಲಿದ್ದ ಶಾಲೆಯ ಮಕ್ಕಳು ನಾಲ್ಕೈದು ಜನ ಏನೆಂದು ಕೇಳಿ, ತಿಳಿದುಕೊಂಡು, ಅವರೂ ಕೈ ಚಾಚಿದರು. ಅಷ್ಟು ಮಕ್ಕಳು ಸದ್ದಿಲ್ಲದೆ ನಿಂತ ಆ ಒಂದೆರಡು ನಿಮಿಷ ಅವರ ಅಂಗೈಗೆ ಏನಾದರೂ ತಾಗಿತೋ ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ.

ಆದರೆ ಎಲ್ಲ ಕಡೆಯೂ ಹೀಗಿರಲಿಲ್ಲ. ಹಾವುಗಳ ಮನೆಯಲ್ಲಿ ನಾಲ್ವರು ಯುವಕರು ಹೆಬ್ಬಾವಿನ ಗಾಜಿಗೆ ಉಂಗುರದ ಬೆರಳಿನಿಂದ ಬಡಿಯುತ್ತಿದ್ದರು. ಅದು ಅಲುಗಾಡಲಿ, ಫೋನಿನಲ್ಲಿ ಚಿತ್ರ ಬರಲಿ ಎಂಬ ಆಸೆ. ಆ ಸದ್ದಿಗೆ ಅವ್ವ ಬೆಚ್ಚಿದಳು. ನಾನು ಅವರ ಹತ್ತಿರ ಹೋಗಿ, ಬಯ್ಯದೆ, ಇರುವುದನ್ನು ಇರುವ ಹಾಗೆ ಹೇಳಿದೆ. ಹಾವಿಗೆ ಹೊರಗಿವಿ ಇಲ್ಲ ನಿಜ, ಆದರೆ ಅದು ಕಿವುಡಲ್ಲ. ಕೆಳದವಡೆಯನ್ನು ನೆಲಕ್ಕೆ ತಾಗಿಸಿ ಮಲಗಿರುತ್ತದಲ್ಲ, ಆ ಮೂಳೆಯ ಮೂಲಕ ನೆಲದ ಅದುರು ನೇರವಾಗಿ ಒಳಗಿವಿಗೆ ಹೋಗುತ್ತದೆ. ನೀವು ಗಾಜಿಗೆ ಬಡಿದರೆ ಅದರ ತಲೆಯೊಳಗೇ ಬಡಿದ ಹಾಗೆ. ಮೇಲಾಗಿ ಇದು ಚಳಿಗಾಲ. ಹಾವಿನ ಮೈಗೆ ತನ್ನದೇ ಕಾವಿಲ್ಲ, ಹೊರಗಿನ ಕಾವಿನಿಂದಲೇ ತಿಂದದ್ದು ಅರಗಬೇಕು. ಚಳಿಯಲ್ಲಿ ಅದು ಕಡಿಮೆ ತಿಂದು, ಇದ್ದ ಶಕ್ತಿಯನ್ನು ಜೋಪಾನ ಮಾಡಿಕೊಂಡು ಸುಮ್ಮನೆ ಮಲಗಿರುತ್ತದೆ. ಅದನ್ನು ಎಬ್ಬಿಸಬೇಡಿ.

ಒಬ್ಬ ಹುಡುಗ "ಸಾರಿ ಸರ್, ಗೊತ್ತಿರಲಿಲ್ಲ" ಎಂದ. ಅವನ ಮುಖ ನೋಡಿದರೆ ನಿಜವಾಗಿಯೂ ಗೊತ್ತಿರಲಿಲ್ಲ. ಪ್ರಾಣಿಗಳನ್ನು ಪೀಡಿಸುವವರಲ್ಲಿ ಕೇಡಿಗರು ಬೆರಳೆಣಿಕೆ ಎಂದು ನಾನು ನಂಬಿದ್ದೇನೆ. ಉಳಿದವರಿಗೆ ಯಾರೂ ಹೇಳಿರುವುದಿಲ್ಲ. ಚಿಂಪಾಂಜಿಯ ಮುಂದೆ ಕಿರುಚುವವರಿಗೆ, ಜಿಂಕೆಗೆ ಕಡಲೆಕಾಯಿ ಎಸೆಯುವವರಿಗೆ ಮನೆಯ ಹಿರಿಯರಲ್ಲಿ ಒಬ್ಬರು ಒಮ್ಮೆ ಮೆಲ್ಲಗೆ ಹೇಳಿದ್ದರೆ ಸಾಕಿತ್ತು. ಕುಟುಂಬದೊಡನೆ ಹೋಗುವುದರ ದೊಡ್ಡ ಲಾಭ ಇದೇ ಇರಬೇಕು. ದೊಡ್ಡವರು ತಗ್ಗಿದ ದನಿಯಲ್ಲಿ ಮಾತಾಡಿದರೆ ಮಕ್ಕಳ ದನಿಯೂ ತಾನಾಗಿ ತಗ್ಗುತ್ತದೆ.

ಹುಲಿಯ ಹತ್ತಿರ ಒಂದು ಭಾಗ್ಯ ಸಿಕ್ಕಿತು. ಹುಲಿ ಬಿಸಿಲಿಗೆ ಮೈಯೊಡ್ಡಿ ಮಲಗಿತ್ತು, ನೂರು ಜನ ಕೂಗಿದರೂ ಕಿವಿ ಅಲ್ಲಾಡಿಸಿರಲಿಲ್ಲ. ಆ ಕಡೆಯ ಬಾಗಿಲಿನಲ್ಲಿ ಪ್ರಾಣಿಪಾಲಕರೊಬ್ಬರು ಬಂದರು. ಹುಲಿ ಎದ್ದು ಕೂತು, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಫುರ್ರ್ ಫುರ್ರ್ ಎಂದು ಉಸಿರು ಬಿಟ್ಟಿತು. ಯಾರೂ ಗಮನಿಸಲಿಲ್ಲ. ಅವ್ವನಿಗೆ ಮಾತ್ರ ಕೇಳಿಸಿತು. "ಅದ್ಯಾವುದು, ಕುದುರೆ ಸೀನಿದಂಗೆ?" ಎಂದಳು. ಅದು ಹುಲಿಯ ಅಕ್ಕರೆಯ ಮಾತು. ತಾಯಿಹುಲಿ ಮರಿಗಳಿಗೆ ಹೀಗೆ ಹೇಳುತ್ತದೆ, ನಂಬಿದ ಮನುಷ್ಯನಿಗೂ ಹೇಳುತ್ತದೆ. ಸಿಂಹಕ್ಕೆ ಈ ಮಾತು ಬಾರದು. ಆ ಪಾಲಕರು ಬಗ್ಗಿ, ತಾವೂ ಅದೇ ಸದ್ದು ಮಾಡಿ ಉತ್ತರ ಕೊಟ್ಟರು. ಬೆಳಗಿನ ಚಳಿಯಲ್ಲಿ ಮಾಂಸ ತೂಗಿ, ನೆಲ ತೊಳೆದು, ಮಲಗುವ ಕೋಣೆಯಲ್ಲಿ ಒಣಹುಲ್ಲು ಬದಲಿಸಿ, ಯಾವ ಪ್ರಾಣಿ ಎಷ್ಟು ತಿಂತು ಎಷ್ಟು ಬಿಟ್ಟಿತು ಎಂದು ನೋಡಿಕೊಳ್ಳುವ ಈ ಜನರ ಹೆಸರನ್ನು ನಾವು ಯಾರೂ ಕೇಳುವುದಿಲ್ಲ. ಹುಲಿಗೆ ಗೊತ್ತು.

ಪ್ರಾಣಿಗಳನ್ನು ಹೀಗೆ ಇಡುವುದು ಸರಿಯೇ ಎಂದು ಮಗಳು ಕೇಳಿದಳು. ಹನ್ನೆರಡರ ವಯಸ್ಸಿನ ಮಕ್ಕಳು ಈ ಪ್ರಶ್ನೆ ಕೇಳುತ್ತಾರೆ, ಕೇಳಬೇಕು. ನಾವು ಆಗ ಗೊರಿಲ್ಲಾಗಳ ಮುಂದೆ ಇದ್ದೆವು. ಥಾಬೋ, ಡೆಂಬಾ ಎಂಬ ಇಬ್ಬರು ಅಣ್ಣತಮ್ಮಂದಿರು, 2021ರಲ್ಲಿ ಜರ್ಮನಿಯಿಂದ ಬಂದವರು. ಅವರಿಗಿಂತ ಮುಂಚೆ ಇಲ್ಲಿ ಪೋಲೋ ಎಂಬ ಗೊರಿಲ್ಲಾ ಇದ್ದ. 1995ರಲ್ಲಿ ಡಬ್ಲಿನ್ನಿನಿಂದ ಬಂದವನು, 2014ರಲ್ಲಿ ತೀರಿಕೊಂಡ. ಇಡೀ ದೇಶದಲ್ಲಿ ಅವನ ಜಾತಿಯವರು ಇನ್ನೊಬ್ಬರಿರಲಿಲ್ಲ. ಅವ್ವನ ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ನಾವು ಅವನನ್ನು ನೋಡಲು ಬರುತ್ತಿದ್ದೆವು. ಅವನು ಒಂದು ಮೂಲೆಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿರುತ್ತಿದ್ದ. "ಮಾತಾಡೋಕೆ ಒಬ್ಬರಿಲ್ಲ ಅದಕ್ಕೆ" ಎಂದು ಅವ್ವ ಆಗ ಕಣ್ಣೊರೆಸಿಕೊಂಡದ್ದು ನನಗೆ ನೆನಪಿದೆ. ಈಗ ಇಬ್ಬರಿದ್ದಾರೆ ಎಂದು ಮಗ ಹೇಳಿದಾಗ, "ಇಬ್ಬರೂ ಹತ್ತಿರಾನೇ ಕೂತವ್ರಾ?" ಎಂದು ಎರಡು ಸಲ ಕೇಳಿದಳು.

ನಾನು ಮಗಳಿಗೆ ನನಗೆ ತಿಳಿದದ್ದನ್ನು ಹೇಳಿದೆ. ಕಾಡಿನಲ್ಲಿ ಇರಬೇಕಾದದ್ದು ಕಾಡಿನಲ್ಲಿ ಇರುವುದೇ ಸರಿ. ಆದರೆ ಮರಳಿ ಕಾಡಿಗೆ ಹೋಗಲಾರದವೂ ಇವೆ. ಇದೇ ಮೃಗಾಲಯದವರು ನಗರದ ಅಂಚಿನ ಕೂರ್ಗಳ್ಳಿಯಲ್ಲಿ ಒಂದು ಪುನರ್ವಸತಿ ಕೇಂದ್ರ ನಡೆಸುತ್ತಾರೆ. ಊರಿಗೆ ನುಗ್ಗಿ ಸೆರೆಸಿಕ್ಕ ಹುಲಿ, ಚಿರತೆಗಳು, ಉರುಳಿಗೆ ಸಿಕ್ಕಿ ಕಾಲು ಕಳೆದುಕೊಂಡವು, ತಾಯಿ ಇಲ್ಲದ ಮರಿಗಳು ಅಲ್ಲಿರುತ್ತವೆ. ನಮಗ್ಯಾರಿಗೂ ಅಲ್ಲಿಗೆ ಪ್ರವೇಶವಿಲ್ಲ, ಟಿಕೆಟು ಇಲ್ಲ, ಫೋಟೋ ಇಲ್ಲ. ಇಲ್ಲಿ ನಾವು ಕೊಡುವ ಟಿಕೆಟಿನ ದುಡ್ಡು ಅಂಥ ಕೆಲಸಕ್ಕೂ ಒದಗುತ್ತದೆ. ಯಾವುದಾದರೊಂದು ಪ್ರಾಣಿಯನ್ನು ದತ್ತು ತೆಗೆದುಕೊಂಡು ಅದರ ಮೇವಿನ ಖರ್ಚು ಕೊಡುವ ಏರ್ಪಾಟೂ ಇದೆ. ಮಗಳಿಗೆ ಪೂರ್ತಿ ಸಮಾಧಾನವಾಗಲಿಲ್ಲ. ನನಗೂ ಆಗಿಲ್ಲ. ಪೋಲೋ ಕೂತಿದ್ದ ಆ ಮೂಲೆ ನನ್ನ ಕಣ್ಣಿನಿಂದ ಹೋಗುವುದಿಲ್ಲ.

ಸಿಂಹದ ಅಂಗಳ ತಲುಪುವ ಹೊತ್ತಿಗೆ ಹತ್ತೂವರೆ ದಾಟಿತ್ತು. ಅದು ಮಲಗಿತ್ತು. ಸಿಂಹ ದಿನದ ಬಹುಭಾಗ ಮಲಗಿಯೇ ಇರುತ್ತದೆ. ಮಗನಿಗೆ ಅಳು ಬಂತು. "ಅಜ್ಜಿ, ನಿಂಗೋಸ್ಕರ ಬಂದ್ವಿ, ಅದು ಎದ್ದೇಳ್ತಿಲ್ಲ."

"ಮಲಗಲಿ ಬಿಡು ಮಗ. ಬೆಳಗಿನ ಜಾವದಿಂದ ಕೂಗಿ ದಣಿದದೆ. ನೀನು ಹೇಳು."

ಅವನು ಹೇಳಿದ. ಮುಂಗಾಲು ಮಡಿಚಿಲ್ಲ, ಮುಂದಕ್ಕೆ ಚಾಚಿದೆ. ಹೊಟ್ಟೆ ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ. ಕೇಸರದಲ್ಲಿ ಒಂದು ಒಣ ಎಲೆ ಸಿಕ್ಕಿಕೊಂಡಿದೆ. ಕಿವಿಯ ಹತ್ತಿರ ನೊಣ ಬಂದರೆ ಕಿವಿ ಮಾತ್ರ ಆಡುತ್ತೆ. ಅವ್ವ ಗೋಡೆಯ ಮೇಲೆ ಕೈಯೂರಿ, ಮುಖವನ್ನು ಅದರ ಕಡೆಗೆ ತಿರುಗಿಸಿ ತುಂಬ ಹೊತ್ತು ನಿಂತಿದ್ದಳು. ಕನ್ನಡನಾಡಿನ ಕಾಡುಗಳಲ್ಲಿ ಸಿಂಹವಿಲ್ಲ. ನಮ್ಮ ದೇಶದಲ್ಲಿ ಕಾಡುಸಿಂಹ ಉಳಿದಿರುವುದು ಗುಜರಾತಿನ ಗಿರ್ ಸೀಮೆಯಲ್ಲಿ ಮಾತ್ರ. ಹೊಯ್ಸಳರ ಲಾಂಛನದ ಕಲ್ಲಿನ ಸಿಂಹ ಬಿಟ್ಟರೆ ಇಲ್ಲಿಯ ಜನಕ್ಕೆ ಸಿಂಹವೆಂದರೆ ಈ ಅಂಗಳವೇ. ಹೊರಡುವಾಗ ಅವ್ವ ಅದಕ್ಕೆ, ನೆಂಟರ ಮನೆಯಿಂದ ಹೊರಡುವಾಗ ಹೇಳುವ ಹಾಗೆ, "ಬತ್ತೀನಪ್ಪ" ಎಂದಳು.

ಮನೆಗೆ ಹೋಗುವ ಮುನ್ನ ಪಕ್ಕದ ಕಾರಂಜಿ ಕೆರೆಗೆ ಹೋದೆವು. ಅದೂ ಮೃಗಾಲಯಕ್ಕೇ ಸೇರಿದ್ದು. ಅಲ್ಲಿಯ ಬೆಂಚಿನ ಮೇಲೆ ಅವ್ವನನ್ನು ಕೂರಿಸಿದೆ. ಕೂತ ಒಂದೇ ನಿಮಿಷಕ್ಕೆ ಅವಳು ನೆಟ್ಟಗಾದಳು. ಕೆರೆಯ ಮರಗಳಿಂದ ಕಟಕಟಕಟ ಎಂದು, ಒಣ ಬಿದಿರನ್ನು ಒಂದಕ್ಕೊಂದು ಬಡಿದ ಹಾಗೆ ಸದ್ದು ಬರುತ್ತಿತ್ತು.

"ನಮ್ಮೂರ ಹಕ್ಕಿ!" ಎಂದಳು. "ಇವು ಇಲ್ಲೂ ಅವೆಯಾ?"

ಬಣ್ಣದ ಕೊಕ್ಕರೆಗಳು. ಬೆಳೆದ ಕೊಕ್ಕರೆಗೆ ಗಂಟಲಿನ ದನಿ ಇಲ್ಲವೆಂದೇ ಹೇಳಬೇಕು, ಗೂಡಿನಲ್ಲಿ ಜೋಡಿಗಳು ತಮ್ಮ ಮೇಲುಕೊಕ್ಕನ್ನು ಕೆಳಕೊಕ್ಕಿಗೆ ಬಡಿದು ಮಾತಾಡುತ್ತವೆ. ಅವ್ವನ ತವರು ಮದ್ದೂರು ಸೀಮೆ, ಕೊಕ್ಕರೆ ಬೆಳ್ಳೂರಿನಿಂದ ಎರಡು ಹರದಾರಿ. ಅಲ್ಲಿಗೆ ಚಳಿಗಾಲ ಬಂತೆಂದರೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಬಂದು ಊರ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರಿನವರು ಅವುಗಳನ್ನು ನೋಡಿಕೊಳ್ಳುತ್ತಾರೆ. ಮಳೆಗಾಲದ ಹೊತ್ತಿಗೆ ಮರಿಗಳೊಂದಿಗೆ ಹೊರಟುಬಿಡುತ್ತವೆ. ಅವ್ವ ಮೊಮ್ಮಕ್ಕಳಿಗೆ ಎಲ್ಲವನ್ನೂ ಹೇಳಿದಳು. ಮರದ ಕೆಳಗೆ ಬಿದ್ದ ಹಿಕ್ಕೆಯನ್ನು ಗದ್ದೆಗೆ ಗೊಬ್ಬರ ಹಾಕುತ್ತಿದ್ದದ್ದು, ಗೂಡಿನಿಂದ ಉದುರಿದ ಮೀನಿನ ನಾತ, ಮರಿ ಕೆಳಗೆ ಬಿದ್ದರೆ ಮಕ್ಕಳೆಲ್ಲ ಸುತ್ತ ಕೂತು ನಾಯಿ ಬರದ ಹಾಗೆ ಕಾಯುತ್ತಿದ್ದದ್ದು. ಈಗ ನೋಡುವವಳು ಅವಳು, ಕೇಳುವವರು ಮಕ್ಕಳು. ಬೇಲಿಯಾಗಲಿ ಬಲೆಯಾಗಲಿ ಇಲ್ಲದ ಕೆರೆಯ ಮರಗಳ ಮೇಲೆ ಹಕ್ಕಿಗಳು ಬರುತ್ತಿದ್ದವು, ಹೋಗುತ್ತಿದ್ದವು. ನಂಜನಗೂಡಿನ ಹತ್ತಿರದ ಹದಿನಾರು ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುವುದೂ ಇದೇ ತಿಂಗಳುಗಳಲ್ಲೇ. ಮುಂದಿನ ಸಲ ಅಲ್ಲಿಗೆ ಹೋಗೋಣ ಎಂದಳು ಮಗಳು. "ಹೂಂ, ಅವಕ್ಕೆ ದನಿ ಅದೆಯಾ?" ಎಂದಳು ಅವ್ವ. ಇದೆ ಎಂದೆ. "ಹಂಗಾದ್ರೆ ಸರಿ."

ನಾವು ಬೆಂಗಳೂರಿಗೆ ಬಂದೆವು. ಶಾಲೆ ಶುರುವಾಯಿತು. ಸಂಕ್ರಾಂತಿ ಕಳೆದು ಎರಡು ದಿನಕ್ಕೆ ಮಗ ಅಜ್ಜಿಗೆ ಫೋನು ಮಾಡಿ ಏನೋ ಗುಟ್ಟಾಗಿ ಮಾತಾಡಿದ. ಮರುದಿನ ಬೆಳಗಿನ ಜಾವ ಐದು ಗಂಟೆಗೆ ನಮ್ಮ ಫೋನು ಹೊಡೆದುಕೊಂಡಾಗ ನನ್ನ ಎದೆ ಧಸಕ್ಕೆಂದಿತು. ನಾನು ಎತ್ತುವಷ್ಟರಲ್ಲಿ ಹುಡುಗ ದುಪ್ಪಟಿ ಸುತ್ತಿಕೊಂಡು ಓಡಿಬಂದು, "ನಂಗೇ, ನಂಗೇ" ಎಂದು ಫೋನು ಕಿತ್ತುಕೊಂಡು, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಆ ಕಡೆ ಅವ್ವ ಹಜಾರದ ಕಿಟಕಿ ತೆಗೆಸಿ, ಅತ್ತಿಗೆಯ ಫೋನನ್ನು ಕಂಬಿಯ ಹತ್ತಿರ ಹಿಡಿದು ನಿಂತಿದ್ದಾಳೆ. ಅವಳ ಉಸಿರು ಕೇಳುತ್ತಿದೆ. ದೂರದಲ್ಲಿ ಹಾಲಿನ ಗಾಡಿ ಹೋಯಿತು. ಪೇಪರಿನ ಹುಡುಗನ ಸೈಕಲ್ಲು ಗಡಗಡ ಎಂದಿತು. ಒಂದು ಕಾಗೆ.

"ಅಜ್ಜಿ, ಇವತ್ತು ಕೂಗಲ್ವೇನೋ" ಎಂದು ಮಗ ಪಿಸುದನಿಯಲ್ಲಿ ಹೇಳಿದ.

"ಸುಮ್ಕಿರ್ಲಾ" ಎಂದಳು ಅವ್ವ, ಅವಳದೂ ಪಿಸುದನಿ. "ಉಸಿರು ಎಳ್ಕೊತಾ ಅದೆ."